ಉಪ್ಪಿನ ಡಾಕ್ಟರು

ಸಾಕುವ ಮೀನು ಮಾರುವ ಆ ಸಣ್ಣ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಉಪ್ಪಿನ ಡಾಕ್ಟರು. ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದಿದೆ ಎಂದು ಯಾರೇ ಬರಲಿ, ಅವನ ಮದ್ದು ಒಂದೇ, ಕಲ್ಲುಪ್ಪು. ಅದನ್ನೂ ತಕ್ಕಡಿಯಲ್ಲಿ ತೂಗಿ, ಮಗ್ಗಿನಲ್ಲಿ ಕರಗಿಸಿ, ಸ್ವಲ್ಪಸ್ವಲ್ಪವಾಗಿ ತೊಟ್ಟಿಗೆ ಬಿಡಬೇಕು. "ಮೈಗೆ ಅಂಟಿರೋ ಹುಳಕ್ಕೆ ಉಪ್ಪು ನಾಟಲ್ಲ ಸ್ವಾಮಿ, ಅದು ಕಳಚಿ ನೀರಿಗೆ ಬಿದ್ದಾಗ ಸಾಯುತ್ತೆ. ಅಲ್ಲೀವರೆಗೆ ಮೀನು ತಡ್ಕೋಬೇಕು" ಎಂಬ ಅವನ ಮಾತು, ಪರದೆಯ ಹಿಂದಿನ ಕೋಣೆಯಲ್ಲಿ ಮಲಗಿರುವ ಹೆಂಡತಿಗೆ ಬಾಯಿಪಾಠ. ಬಾಯಿಮಾತಿಗೆ ಸಮಾಧಾನ ಹೇಳುವ ಜಾಯಮಾನ ಅವನದಲ್ಲ. ಮೀನು ಕಿವಿರು ಬಡಿಯುವುದನ್ನು ಒಂದು ಗಳಿಗೆ ನೋಡಿ, "ಇದು ನಾಳೆ ಬೆಳಗು ಕಾಣಲ್ಲ, ಉಪ್ಪು ದಂಡ" ಎಂದುಬಿಡುತ್ತಾನೆ. ಎದುರಿಗೆ ಮಗು ಅಳುತ್ತಿದ್ದರೂ ಅಷ್ಟೇ. "ಆ ಬಾಯಿಗಿಷ್ಟು ಸಕ್ಕರೆ ಹಾಕ್ಕೊಳ್ರೀ" ಎಂದು ಹೆಂಡತಿ ಮೊದಲೆಲ್ಲ ಒಳಗಿನಿಂದ ಕೂಗುತ್ತಿದ್ದಳು. ಈಗ ಕೂಗುವಷ್ಟು ಉಸಿರಿಲ್ಲ. ಆಸ್ಪತ್ರೆಯವರು ಅವಳ ರಕ್ತದ ಕಾಯಿಲೆಗೆ ಕೊಡುತ್ತಿರುವ ಮದ್ದು ಬಲು ಕಟು. ಮೊದಲು ರೋಗ ಸಾಯುತ್ತದೋ ಮೈ ಸೋಲುತ್ತದೋ ಹೇಳಲಾಗದು ಎಂದಿದ್ದಾರೆ. ಮಧ್ಯಾಹ್ನ ಹಾಲು ಕುಡಿಸಲು ಬಂದವನನ್ನು ಅವಳು ಕೇಳಿದಳು: "ಮೀನು ನೋಡಿ ಹೇಳೋ ಹಾಗೆ ಹೇಳಿ. ನಾನು ತಡ್ಕೋತೀನಾ?" ಅವಳ ಎದೆ ಏರಿಳಿಯುವುದನ್ನು ಅವನು ನೋಡಿದ, ಎಷ್ಟೋ ಹೊತ್ತು ನೋಡಿದ. "ತಡ್ಕೋತೀಯ ಕಣೇ, ನಿನಗೇನಾಗಿದೆ" ಎಂದ. ಅವನ ಬಾಯಲ್ಲಿ ಅಂಥ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. "ಇಷ್ಟು ಚೆನ್ನಾಗಿ ಹೇಳೋಕೆ ಬರುತ್ತಲ್ಲ ನಿಮಗೆ, ಆ ಮಕ್ಕಳಿಗೂ ಒಂದೊಂದು ಸಲ ಹೇಳಬಾರದಿತ್ತಾ" ಎಂದು, ಅವನ ಕೈಯನ್ನು ಹಿಡಿದುಕೊಂಡಳು.