ಸ್ಕೋಗ್ಲಿಯನ್ನು ಕೇಳುತ್ತಿದ್ದವರು

ತುಮಕೂರಿನ ಜವೇರಿಯಾಗೆ ಪಾಶ್ಚಾತ್ಯ ಸಂಗೀತದ ಗಂಧಗಾಳಿಯೂ ಇರಲಿಲ್ಲ. ನೆದರ್ಲೆಂಡ್ಸ್‌ಗೆ ಬಂದ ಮೊದಲ ಚಳಿಗಾಲದಲ್ಲಿ, ನ್ಯೂವೆಗೈನ್‌ನ ಆಫೀಸಿಗೆ ಹೋಗುವ ಟ್ರಾಮಿನಲ್ಲಿ, ಓಡ್ವಾರ್ ಸ್ಕೋಗ್ಲಿ ಎಂಬ ನಾರ್ವೆಯ ಸಂಗೀತ ಸಂಯೋಜಕನ ಸಿಂಫನಿಯೊಂದು ಅವಳ ಫೋನಿನ ಸಂಗೀತದ ಆ್ಯಪಿನಲ್ಲಿ ತಾನಾಗಿಯೇ ಶುರುವಾಯಿತು. ಇಳಿಯಬೇಕಾದ ಸ್ಟಾಪು ದಾಟಿಹೋದದ್ದೂ ತಿಳಿಯಲಿಲ್ಲ. ಅಂದಿನಿಂದ ಬೆಳಗಿನ ದಾರಿಗೆ ಸ್ಕೋಗ್ಲಿಯೇ ಜೊತೆ. ಇಂಥವನನ್ನು ಅವನ ನಾಡಿನವರು ತಲೆಯ ಮೇಲೆ ಹೊತ್ತು ಮೆರೆಸುತ್ತಿರಬೇಕು ಎಂದೇ ಅವಳ ನಂಬಿಕೆ.

ಅವಳ ಕೆಲಸವೂ ಆ ಆ್ಯಪ್ ನಡೆಸುವ ಕಂಪನಿಯಲ್ಲೇ. ಒಂದು ಸಂಗೀತವನ್ನು ವರ್ಷವಿಡೀ ಇಡೀ ಜಗತ್ತಿನಲ್ಲಿ ಒಂದೇ ಒಂದು ಖಾತೆ ಕೇಳುತ್ತಿದ್ದರೆ, ಕೇಳುತ್ತಿರುವುದು ಮನುಷ್ಯರಲ್ಲ, ಕೇಳಿದ ಲೆಕ್ಕಕ್ಕೆ ಸಿಗುವ ಹಣದಾಸೆಗೆ ಯಾರೋ ಮೋಸದಿಂದ ಬಿಟ್ಟ ಯಂತ್ರ. ಆ ಸಂಗೀತವನ್ನೇ ಅಳಿಸಬೇಕು. ಈ ನಿಯಮ ಬರೆದವಳು ಅವಳೇ. ಶುಕ್ರವಾರ ಅದನ್ನು ಜಾರಿಮಾಡಿ, ಮೀಟಿಂಗಿನಲ್ಲಿ ಚಪ್ಪಾಳೆ ಗಿಟ್ಟಿಸಿ ಮನೆಗೆ ಹೋದಳು.

ಸೋಮವಾರ ಟ್ರಾಮಿನಲ್ಲಿ ಎಷ್ಟು ಹುಡುಕಿದರೂ ಸ್ಕೋಗ್ಲಿಯ ಒಂದು ಸಿಂಫನಿಯೂ ಸಿಗಲಿಲ್ಲ. ಆಫೀಸಿಗೆ ಬಂದವಳೇ ಪಕ್ಕದ ಮೇಜಿನ ಚಿರಂತನನನ್ನು ಹಿಡಿದಳು.

"ಸಿಸ್ಟಮ್ಮಲ್ಲಿ ಏನೋ ಬಗ್ ಇದೆ ಕಣೋ, ಸ್ವಲ್ಪ ಚೆಕ್ ಮಾಡು."

ಅವನು ನೋಡಿ ನಕ್ಕುಬಿಟ್ಟ. "ಬಗ್ಗೂ ಇಲ್ಲ, ಏನೂ ಇಲ್ಲ. ನಿನ್ ರೂಲೇ ಡಿಲೀಟ್ ಮಾಡಿರೋದು. ಒಂದೇ ಒಂದು ಅಕೌಂಟು, ದಿನಾ ಬೆಳಿಗ್ಗೆ ಅದೇ ಟೈಮು, ಅದೇ ಮ್ಯೂಸಿಕ್ಕು. ಮನುಷ್ಯರು ಹಿಂಗ್ ಕೇಳ್ತಾರಾ?"

"ಆ ಅಕೌಂಟು ನಂದು."

ಚಿರಂತನನ ನಗು ಅಲ್ಲೇ ನಿಂತಿತು. "ಸಾರಿ. ಇವತ್ತೇ ವಾಪಸ್ ಹಾಕ್ಸೋಣ ಬಿಡು."

ಅದು ಅವಳ ಕಿವಿಗೆ ಬೀಳಲೇ ಇಲ್ಲ.

"ಹಾಗಾದ್ರೆ ನಾರ್ವೇಲಿ ಯಾರ್ ಕೇಳ್ತಿದಾರೆ?"

ಅವನು ಇನ್ನೊಮ್ಮೆ ಪರದೆ ನೋಡಿದ.

"ಯಾರೂ ಇಲ್ಲ ಜವೇರಿಯಾ. ನೀನೊಬ್ಳೇ."