ಬಾವಿಯ ಏರಿನಲ್ಲಿ ಎರಡು ಟ್ರ್ಯಾಕ್ಟರು

ಹೊಸೂರಿನ ಬಳಿಯ ತಳಿ ಎಂಬ ಊರಿನ ಸುತ್ತಮುತ್ತ ಯಾರು ಎತ್ತು ಕೊಳ್ಳುವುದಾದರೂ ಮೊದಲು ಆವುಲಪ್ಪನನ್ನು ಕರೆದೊಯ್ಯುತ್ತಿದ್ದ ಕಾಲವೊಂದಿತ್ತು. ಹಲ್ಲು ನೋಡುವವರು ಊರ ತುಂಬ ಇದ್ದರು. ಆವುಲಪ್ಪ ಎತ್ತಿನ ಪಕ್ಕೆಗೆ ಕಿವಿಯಿಟ್ಟು ಉಸಿರು ಕೇಳುತ್ತಿದ್ದ. ಆಮೇಲೆ ಅದನ್ನು ಹೇರು ತುಂಬಿದ ಗಾಡಿಗೆ ಕಟ್ಟಿಸಿ, ಏರಿನ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸುತ್ತಿದ್ದ. 'ಇದೇ ಆಗಲಿ' ಎಂದ ಮೇಲೆ ಆ ಮಾತನ್ನು ಅವನು ಎಂದೂ ಹಿಂತೆಗೆದುಕೊಂಡವನಲ್ಲ.

ಅಂಥವನು ಅರವತ್ತೆಂಟನೆಯ ವಯಸ್ಸಿನಲ್ಲಿ ಟ್ರ್ಯಾಕ್ಟರು ಕೊಳ್ಳಲು ಹೊರಟ. ಮಗ ಅರುಣ್‌ಕುಮಾರ್ ಹೊಸೂರಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. ಟ್ರ್ಯಾಕ್ಟರು ಓಡಿಸಬೇಕಾದವಳು ಸೊಸೆ ಮೇಘಶ್ರೀ. ಅಂಚೆಟ್ಟಿಯ ತವರಿನಲ್ಲೇ ಕಲಿತವಳು. ಮೇಲಿನ ಹೊಲದ ದಾರಿ ಕಡಿದಾದ ಏರು, ಬಲಕ್ಕೆ ಕಟ್ಟೆಯಿಲ್ಲದ ಹಳೆಯ ಬಾವಿ. ಈಗಿನ ಅಗಲವಾದ ಯಂತ್ರಗಳು ಅಲ್ಲಿ ಹಿಡಿಸವು. ಹಳೆಯ ಕಾಲದ ಸಣ್ಣದೇ ಬೇಕು.

ಹಳೆಯ ಟ್ರ್ಯಾಕ್ಟರು ಮಾರುವ ಗೆಳೆಯ ರಾಮಕೃಷ್ಣಪ್ಪನ ಅಂಗಳದಲ್ಲಿ ಅಂಥವು ಎರಡಿದ್ದವು, ಎರಡಕ್ಕೂ ನಲವತ್ತರ ಮೇಲೆ ವಯಸ್ಸು. ಕೆಂಪು ಬಣ್ಣದ್ದು ಒಂದೇ ಸಲಕ್ಕೆ ಚಾಲೂ ಆಯಿತು. ನೀಲಿಯದು ನಾಲ್ಕು ಸಲ ಕೆಮ್ಮಿ, ಅಂಗಳವೆಲ್ಲ ಹೊಗೆ ಮಾಡಿ, ಆಮೇಲೆ ಎದ್ದಿತು. ಮೇಘಶ್ರೀ ಎರಡನ್ನೂ ಓಡಿಸಿ ನೋಡಿದಳು.

"ಮಾವ, ಕೆಂಪಿನ ಬ್ರೇಕು ತುಳಿದ್ರೆ ಗಾಡಿ ಒಂದ್ಕಡೆಗೆ ಎಳೀತದೆ. ನೀಲೀದು ನೆಟ್ಟಗೆ ನಿಲ್ತದೆ."

ಆವುಲಪ್ಪನ ಕಿವಿಯಲ್ಲಿ ಕೆಂಪಿನ ನಯವಾದ ಸದ್ದೇ ತುಂಬಿತ್ತು. "ನೀಲಿಗೆ ದಮ್ಮು ಹತ್ತುತದೆ, ತಾಯಿ. ಲೋ ರಾಮಕೃಷ್ಣಪ್ಪ, ಕೆಂಪೇ ಆಗ್ಲಿ ಕಣ್ಲಾ. ಆದ್ರೆ ನನ್ ಏರಲ್ಲಿ ಒಂದ್ಸಲ ನಿಲ್ಸಿ ನೋಡ್ಬೇಕು. ಎರಡ್ನೂ ತಗೊಂಬಾ."

"ಏನ್ಲಾ ಇದು, ಎತ್ತಾ? ಒಂದ್ ಹೊರೆ ಹುಲ್ಲೂ ಹಾಕ್ಬುಟ್ಟು ನೋಡ್ಲಾ!" ಎಂದು ರಾಮಕೃಷ್ಣಪ್ಪ ನಕ್ಕನು. ಆದರೂ ತಂದನು.

ಕೆಂಪು ಮೊದಲು ಏರಿತು. ಮೇಲೆ ಮೇಘಶ್ರೀ. ಗಾಡಿ ಹೊಡೆಯುವ ಕಾಲದ ರೂಢಿಯಂತೆ ಆವುಲಪ್ಪ ದಪ್ಪ ಕಲ್ಲೊಂದನ್ನು ಎದೆಗವುಚಿಕೊಂಡು ಬಲಗಾಲಿಯ ಹಿಂದೆಯೇ ನಡೆದನು.

"ಕಲ್ಲು ಯಾಕ್ಲಾ? ಬ್ರೇಕು ಅಂತ ಒಂದು ಅದೆ!" ಎಂದು ರಾಮಕೃಷ್ಣಪ್ಪ ಕೆಳಗಿನಿಂದ ಕೂಗಿದನು.

ಬಾವಿಯ ಸಮಕ್ಕೆ ಬಂದಾಗ ಆವುಲಪ್ಪ ಹೇಳಿದನು: "ನಿಲ್ಸು, ತಾಯಿ."

ಅವಳು ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿದಳು. ಯಂತ್ರ ಒಂದು ಕ್ಷಣ ನಿಂತಿತು. ಆಮೇಲೆ ಎಡಗಾಲಿ ಹಿಡಿದುಕೊಂಡಿತು, ಬಲಗಾಲಿ ಹಿಂದಕ್ಕೆ ಉರುಳಿತು. ಮೂತಿ ಮೆಲ್ಲಗೆ ಬಾವಿಯ ಕಡೆಗೆ ತಿರುಗತೊಡಗಿತು.

"ಮಾವ! ಹಿಡೀತಿಲ್ಲ!"

ಆವುಲಪ್ಪ ಮಂಡಿಯೂರಿ, ಕಲ್ಲನ್ನು ಬಲಗಾಲಿಯ ಹಿಂದಕ್ಕೆ ನೂಕಿದನು. ಟೈರು ಕಲ್ಲನ್ನು ಒಂದು ಗೇಣು ದಬ್ಬಿತು. ಬೆರಳು ಎಳೆದುಕೊಳ್ಳುವಷ್ಟರಲ್ಲಿ ಚರ್ಮ ಸುಲಿಯಿತು. ಕಲ್ಲು ಮಣ್ಣಿನಲ್ಲಿ ಹೂತು ನಿಂತಿತು. ಯಂತ್ರವೂ ನಿಂತಿತು. ಮುಂದಿನ ಗಾಲಿಗೂ ಬಾವಿಗೂ ಒಂದು ಮಾರಿನ ಅಂತರ.

"ಗೇರಲ್ಲೇ ಇರ್ಲಿ. ಆರ್ಸಿ ಇಳೀ, ತಾಯಿ."

ಅವಳು ಇಳಿದಳು. ರಾಮಕೃಷ್ಣಪ್ಪ ಓಡಿ ಬಂದನು, ನಗು ಎಲ್ಲಿಯೋ ಹೋಗಿತ್ತು. ಹಗ್ಗ ಕಟ್ಟಿ ಮೂವರೂ ಸೇರಿ ಕೆಂಪನ್ನು ಕೆಳಗಿಳಿಸಿದರು.

"ನೀಲೀನ ನೋಡಣ," ಎಂದಳು ಮೇಘಶ್ರೀ.

"ಬ್ಯಾಡ, ಇವತ್ತು ಬ್ಯಾಡ."

"ದಿನಾ ಈ ದಾರೀಲಿ ಓಡ್ಸೋಳು ನಾನು. ಇವತ್ತೇ ನೋಡ್ಬೇಕು, ಮಾವ."

ಆವುಲಪ್ಪ ಅದೇ ಕಲ್ಲನ್ನು ಕಿತ್ತು ಎತ್ತಿಕೊಂಡನು. ನೀಲಿ ಕೆಮ್ಮುತ್ತ ಏರಿತು, ಬಾವಿಯ ಬಳಿ ನಿಂತಿತು. ಅವನು ಗಾಲಿಯನ್ನೇ ನೋಡುತ್ತ ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿದನು. ಟೈರಿನ ಕೆಳಗೆ ಒಂದು ಹರಳೂ ಅಲುಗಲಿಲ್ಲ. ಅವಳು ಮತ್ತೆ ಹೊರಡಿಸಿದಳು. ಕಪ್ಪು ಹೊಗೆಯುಗುಳುತ್ತ ಅದು ನೆಟ್ಟಗೆ ಮೇಲಿನ ಹೊಲ ಸೇರಿತು.

"ಲೋ ರಾಮಕೃಷ್ಣಪ್ಪ, ಕೆಂಪು ಅಂತ ಅಂದಿದ್ದೆ. ಆ ಮಾತು ವಾಪಸು ತಗೋತೀನಿ ಕಣ್ಲಾ," ಎಂದನು ಆವುಲಪ್ಪ. ಅದನ್ನು ಹೇಳುವುದು ಅವನಿಗೆ ಕಲ್ಲು ಹೊತ್ತುದಕ್ಕಿಂತ ಭಾರವಾಗಿತ್ತು.

ನೀಲಿ ಮನೆಗೆ ಬಂದಿತು. ಎಂಟು ದಿನ ಅವನು ಕಲ್ಲು ಹೊತ್ತು ಅದರ ಹಿಂದೆಯೇ ಏರಿದನು. ಒಂಬತ್ತನೆಯ ದಿನ ಮೇಘಶ್ರೀ ಕಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ಸೀಟಿನ ಪಕ್ಕದಲ್ಲಿ ಹಗ್ಗದಿಂದ ಬಿಗಿದಳು.

"ಇದು ನನ್ ಜೊತೇಲೇ ಬರ್ಲಿ. ನೀವು ಇಲ್ಲೇ ನಿಂತ್ಕಂಡು ನೋಡಿ, ಮಾವ."

ಅವಳು ಬಾವಿಯನ್ನು ದಾಟಿ ಮೇಲಿನ ಹೊಲ ಮುಟ್ಟುವ ತನಕ ಅವನು ಕೆಳಗೇ ನಿಂತಿದ್ದನು.