ಅಮ್ಮನಿಗೆ ನಾನು ಕಲಿಸಿದ ಇಂಗ್ಲಿಷ್

ಇವತ್ತು ವಿಜಯನಗರದ ಮಾರ್ಕೆಟ್‌ನಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಿತ್ತು. ಒಂದು ಕಾಯಿ ಸುಲಿದು ಮೂಸಿದೆ. ಅಷ್ಟೇ ಸಾಕಾಯಿತು, ಗೋವಿಂದರಾಜನಗರದ ನಮ್ಮ ಹಳೇ ಬಾಡಿಗೆ ಮನೆಯ ಹಾಲ್‌ನಲ್ಲಿದ್ದೆ.

ಅಲ್ಲಿ ಅಮ್ಮ, ನೆನೆಸಿದ ಅವರೆಕಾಳು ಹಿತಕುತ್ತಾ ಇಂಗ್ಲಿಷ್ ಕಲಿಯುತ್ತಿದ್ದಳು. ಆರನೇ ಕ್ಲಾಸಿನ ನಾನೇ ಅವಳ ಟೀಚರ್. ನನ್ನನ್ನು 'ಮಿಸ್' ಅನ್ನುತ್ತಿದ್ದಳು. ತಪ್ಪು ಹೇಳಿದರೆ ತಾನೇ ಕೈ ಚಾಚುತ್ತಿದ್ದಳು, ನಾನು ಅವರೆ ಸಿಪ್ಪೆಯಲ್ಲಿ ಮೆಲ್ಲಗೆ ಹೊಡೆಯುತ್ತಿದ್ದೆ. ಅಂಥ ಗತ್ತು ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಒಂದು ಸಂಜೆ ಕೇಳಿದಳು, "ಮಿಸ್, 'ಅವಳು ಅಳಲ್ಲ, ಹೊಂದ್ಕೋತಾಳೆ' ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು?"

ಆಗಷ್ಟೇ ಮದುವೆಯಾಗಿ ಹೋಗಿದ್ದ ಚಿಕ್ಕಮ್ಮನ ವಿಷಯವಿರಬೇಕು ಅಂದುಕೊಂಡೆ. ನಾಲಿಗೆ ಸಲೀಸಾಗಿ ಹೊರಳುವವರೆಗೂ ಹೇಳಿಸಿದೆ.

ಆ ಬೇಸಿಗೆಯಲ್ಲಿ ಅಮ್ಮ, "ಊಟಿ ನೋಡ್ಕೊಂಡ್ ಬರೋಣ ಬಾರೇ" ಅಂದಳು. ಹೂವಿನ ತೋಟ ನೋಡಿದ ಮೇಲೆ ಟ್ಯಾಕ್ಸಿ ಒಂದು ಶಾಲೆಯ ಹಾಸ್ಟೆಲ್ ಮುಂದೆ ನಿಂತಿತು. ಅಪ್ಪ ಡಿಕ್ಕಿಯಿಂದ ಹೊಸ ಟ್ರಂಕು ಇಳಿಸಿದರು. ಅದರ ಮೇಲೆ ನನ್ನ ಹೆಸರಿತ್ತು.

ವಾರ್ಡನ್‌ಗೆ ಕನ್ನಡ ಬರುತ್ತಿರಲಿಲ್ಲ. ಅಮ್ಮ ನನ್ನ ಕಡೆ ನೋಡದೆ ಹೇಳಿದಳು, "ಶಿ ವಿಲ್ ನಾಟ್ ಕ್ರೈ, ಮೇಡಂ. ಶಿ ವಿಲ್ ಅಡ್ಜಸ್ಟ್."

ಒಂದೂ ತಪ್ಪಿರಲಿಲ್ಲ.

ಈಗ ಅವರೆಕಾಯಿ ತಂದು ಅಮ್ಮನ ಮುಂದೆ ಸುರಿದೆ. ಸುಲಿಯಲು ಕೈ ಜೋಡಿಸಿದ ಪಕ್ಕದ ಮನೆ ಆಂಟಿಗೆ ಅಮ್ಮ ಹೆಮ್ಮೆಯಿಂದ ಹೇಳಿದಳು, "ನಂಗೆ ಇಂಗ್ಲಿಷ್ ಕಲಿಸಿದ್ದೇ ನನ್ ಮಗಳು ಕಣ್ರೀ."

ನಾನು ತಲೆ ಎತ್ತದೆ ಸುಲಿಯುತ್ತಾ ಕೂತೆ. ಅವತ್ತಿನಿಂದ ಇವತ್ತಿನವರೆಗೂ ನಾನು ಅವಳೆದುರು ಅತ್ತಿಲ್ಲ.